ಕಂಠಪಾಠವಾಗಿದ್ದ ಕಣ್ಣಿನ ಪಟ

ಚೀನಾದ ಷಾನ್‌ಶಿಯಾಹು ಪೇಟೆಯಲ್ಲಿ ಮುತ್ತಿನ ಕೆಲಸ ಮಾಡುವವರಿಗೆಲ್ಲ ಲೋ ಸುಯೂನ್ ಗೊತ್ತು. ಇಪ್ಪತ್ತಾರು ವರ್ಷ ಒಂದೇ ಕಾರ್ಖಾನೆ, ಒಂದೇ ಮೇಜು, ಕಿಟಕಿಯಿಂದ ಎರಡನೆಯದು. ಬೆಳಿಗ್ಗೆ ತೊಳೆದ ಮುತ್ತುಗಳನ್ನು ಬಿಳಿ ಬಟ್ಟೆಯ ಮೇಲೆ ಸುರಿದರೆ, ಊಟದ ಹೊತ್ತಿಗೆ ದುಂಡನೆಯವು ಒಂದು ಬಟ್ಟಲಿಗೆ, ಮೊಟ್ಟೆಯಂಥವು ಇನ್ನೊಂದಕ್ಕೆ, ಮೈಯಲ್ಲಿ ಗುಳಿ ಬಿದ್ದವು ಮತ್ತೊಂದಕ್ಕೆ ಸೇರಿರುತ್ತಿದ್ದವು. ಆಮೇಲೆ ಬಣ್ಣ: ಬಿಳಿ, ಕಿತ್ತಳೆ, ನೇರಳೆ. ಕೊಳ್ಳಲು ಬಂದವರು ನಿಂತು ನೋಡುತ್ತಿದ್ದರು. ಏಕೆಂದರೆ ಸುಯೂನ್ ಮುತ್ತಿನ ಕಡೆ ನೋಡುತ್ತಲೇ ಇರಲಿಲ್ಲ. ಯಾರದೋ ಮಾತು ಕೇಳಿಸಿಕೊಳ್ಳುವವಳ ಹಾಗೆ ಕತ್ತು ವಾಲಿಸಿ ಕೂತು, ಪ್ರತಿ ಮುತ್ತನ್ನೂ ಎರಡು ಬೆರಳ ನಡುವೆ ಒಮ್ಮೆ ಉರುಳಿಸಿ ಬಿಡುತ್ತಿದ್ದಳು.

"ಬಣ್ಣ ಹೆಂಗಮ್ಮ ಗೊತ್ತಾಗುತ್ತೆ?" ಎಂದು ಯಾರಾದರೂ ಕೇಳಿದರೆ ಅವಳಿಗೆ ಒಳಗೊಳಗೇ ಹಿಗ್ಗು.

"ನೇರಳೆದು ಸ್ವಲ್ಪ ತಣ್ಣಗಿರುತ್ತೆ. ಕಿತ್ತಳೆದು ಬೆಚ್ಚಗೆ."

"ಅವಳ ಬೆರಳಿಗೇ ಕಣ್ಣಿವೆ ಬಿಡಿ," ಎನ್ನುತ್ತಿದ್ದಳು ಎದುರಿಗೆ ಕೂರುವ ಆಜು. ಹತ್ತೊಂಬತ್ತು ವರ್ಷದಿಂದ ಇಬ್ಬರೂ ಒಂದೇ ಮೇಜು. ಆಜುವಿನದು ದಪ್ಪ ಶರೀರ, ದೊಡ್ಡ ಗಂಟಲು. ಅವಳು ಸುಮ್ಮನಿದ್ದರೆ ಜ್ವರ ಬಂದಿದೆಯೇನೋ ಎಂದು ಜನ ಕೇಳುತ್ತಿದ್ದರು.

ಸುಯೂನಳ ಬೆರಳು ಚುರುಕಾಗಿದ್ದದ್ದು ನಿಜ. ಕಣ್ಣು ಹೋಗುತ್ತಿದ್ದದ್ದೂ ನಿಜ. ಮೂವತ್ತರ ಸುಮಾರಿಗೆ ಸಂಜೆಯಾದರೆ ಮೆಟ್ಟಿಲು ಕಾಣದಾಯಿತು. ನಲವತ್ತಕ್ಕೆ ಎದುರಿನವರ ಮುಖದಲ್ಲಿ ಮೂಗು ಇದ್ದರೆ ಬಾಯಿ ಇಲ್ಲ, ಬಾಯಿ ಇದ್ದರೆ ಕಣ್ಣಿಲ್ಲ. ಅವಳು ಹೆದರಲಿಲ್ಲ, ಮುಂದೇನಾಗುತ್ತದೆಂದು ಮನೆಯಲ್ಲೇ ನೋಡಿದ್ದಳು. ಅವಳಿಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣ ಸುಫುವಿಗೂ ಇದೇ ಆಗಿತ್ತು. ಬಸ್ ಡಿಪೋದಲ್ಲಿ ಕೆಲಸಕ್ಕಿದ್ದವನು ಈಗ ಹಜಾರದ ಬಿದಿರು ಕುರ್ಚಿಯಲ್ಲಿ ಕೂತು, ರೇಡಿಯೊದಲ್ಲಿ ನಾಟಕದ ಹಾಡು ಕೇಳುತ್ತ, ತೋರೆಯಾ ಕಾಯಿ ಒಡೆಯುತ್ತಿರುತ್ತಾನೆ. ಬಾದಾಮಿಯಷ್ಟಿರುವ ಆ ಕಾಯಿಯ ಸಿಪ್ಪೆಯ ಮೇಲೆ ಎರಡು ಪುಟ್ಟ ಬಿಳಿ ಚುಕ್ಕೆ ಇರುತ್ತವೆ. ಊರಿನವರು ಅವನ್ನು ಕಣ್ಣು ಎನ್ನುತ್ತಾರೆ. ಅವೆರಡನ್ನೂ ಒಟ್ಟಿಗೆ ಒತ್ತಿದರೆ ಸಿಪ್ಪೆ ತಾನೇ ಬಿರಿಯುತ್ತದೆ. ಸುಫು ಅವನ್ನು ಉಗುರಿನಲ್ಲಿ ಹುಡುಕಿ, "ಇದಕ್ಕೂ ಎರಡಿದೆ, ಇದೂ ಏನೂ ನೋಡಲ್ಲ," ಎಂದು ದಿನಕ್ಕೊಮ್ಮೆಯಾದರೂ ನಗುತ್ತಾನೆ.

ಕಣ್ಣಿನ ಪಟವನ್ನು ಕಲಿಸಿದ್ದು ಅವನೇ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು ಸಾಲುಸಾಲಾಗಿ ಕಿರಿದಾಗುತ್ತ ಹೋಗುವ ಪಟ. ಹಲ್ಲು ಎತ್ತ ತಿರುಗಿದೆಯೆಂದು ಕೈ ಮಾಡಿ ತೋರಿಸಬೇಕು. ಡಿಪೋದಲ್ಲೂ ಶಾಲೆಯಲ್ಲೂ ಕಾರ್ಖಾನೆಯಲ್ಲೂ ಅದೇ ಪಟ. ಸುಫು ಅದನ್ನು ಪೂರ್ತಿ ಬಾಯಿಪಾಠ ಮಾಡಿ ಹನ್ನೊಂದು ವರ್ಷ ನೌಕರಿ ಉಳಿಸಿಕೊಂಡಿದ್ದ. ತಂಗಿಯ ಸರದಿ ಬಂದಾಗ ನಾಟಕದ ಹಾಡೊಂದರ ಧಾಟಿಗೆ ಅದನ್ನು ಕೂರಿಸಿ ಕೊಟ್ಟ: ಮೇಲೆ, ಎಡ, ಎಡ, ಕೆಳಗೆ, ಬಲ, ಮೇಲೆ, ಕೆಳಗೆ, ಬಲ. ಪ್ರತಿ ವರ್ಷ ವಸಂತದ ಹಬ್ಬ ಮುಗಿದ ಮೇಲೆ ಕಾರ್ಖಾನೆಯಲ್ಲಿ ಕಣ್ಣು ಪರೀಕ್ಷೆ. ನರ್ಸ್ ಕೋಲಿನಿಂದ ಹಲಗೆ ತಟ್ಟಿದಂತೆಲ್ಲ ಸುಯೂನ್ ಮನಸ್ಸಿನಲ್ಲೇ ಹಾಡುತ್ತ ಕೈ ಆಡಿಸುತ್ತಿದ್ದಳು. ಪ್ರತಿ ವರ್ಷವೂ ಪಾಸು. ಮನೆಗೆ ಬಂದು ಕರುಣೆಯ ದೇವತೆ ಗ್ವಾನ್‌ಯಿನ್ ತಾಯಿಯ ಮುಂದೆ ಊದುಬತ್ತಿ ಹಚ್ಚಿ, "ಹೊಟ್ಟೆಪಾಡಿನ ಸುಳ್ಳು ತಾಯೀ, ಬೇರೆ ಯಾರಿಗೂ ಕೇಡಿಲ್ಲ," ಎಂದು ತಲೆಬಾಗುತ್ತಿದ್ದಳು.

ಅವಳಿಗೆ ಐವತ್ತೊಂದಾದ ವರ್ಷ, ಅಣ್ಣನ ಅಂಗವಿಕಲರ ಚೀಟಿ ಹೊಸದು ಮಾಡಿಸುವಾಗ ಒಬ್ಬ ಡಾಕ್ಟರು ಇಬ್ಬರ ರಕ್ತವನ್ನೂ ತೆಗೆದುಕೊಂಡರು. ಕಾಯಿಲೆಗೆ ಹೆಸರು ಸಿಕ್ಕಿತು. ಅಪ್ಪನಲ್ಲೂ ಅಮ್ಮನಲ್ಲೂ ಅಡಗಿದ್ದ ಒಂದೇ ತಪ್ಪು ಮಕ್ಕಳಲ್ಲಿ ಜೊತೆಗೂಡಿತ್ತು. ಕಣ್ಣಿನ ಒಳಪದರದಲ್ಲಿ ಕೊಬ್ಬು ಕರಗುವ ಕೆಲಸ ನಡೆಯದೆ ಅದು ಸಣ್ಣ ಹರಳುಗಳಾಗಿ ಕೂರುತ್ತಿತ್ತು. ಸರಿಯಾದ ಜೀನನ್ನು ಕಣ್ಣಿನೊಳಗೆ ಬಿಡುವ ಪ್ರಯೋಗವೊಂದು ಹಾಂಗ್‌ಝೋ ನಗರದ ಆಸ್ಪತ್ರೆಯಲ್ಲಿ ಶುರುವಾಗಿದೆ, ಹೆಸರು ಕೊಡಿ ಎಂದರು. ಸುಫುವಿಗೆ ಅವಕಾಶವಿರಲಿಲ್ಲ, ಅವನ ಕಣ್ಣಿನಲ್ಲಿ ಜೀನು ಹೋಗಿ ಕೂರಲು ಜೀವಂತ ಪದರವೇ ಉಳಿದಿರಲಿಲ್ಲ.

"ನೀನು ಹೋಗು," ಎಂದ ಸುಫು. "ನಮ್ಮಿಬ್ಬರದೂ ಸೇರಿಸಿ ಒಂದು ಜೊತೆ ಕಣ್ಣಾದ್ರೂ ಮನೇಲಿರಲಿ."

ಸುಯೂನ್ ಗ್ವಾನ್‌ಯಿನ್ ತಾಯಿಯಲ್ಲಿ ಬೇಡಿಕೊಂಡದ್ದು ಇಷ್ಟೇ: ಉಳಿದಿರುವ ಬೆಳಕು ಉಳಿಯಲಿ, ಮೇಜು ಬಿಡುವಂತಾಗದಿರಲಿ.

ಆಸ್ಪತ್ರೆಯಲ್ಲಿ ಮೊದಲ ದಿನದ ತಪಾಸಣೆ. ಗೋಡೆಯ ಮೇಲೆ ಅದೇ ಪಟ. ನರ್ಸ್ ಕೋಲು ಎತ್ತಿ ತಟ್ಟಿದಳು. ಸುಯೂನಳ ಕೈ ತಾನಾಗಿಯೇ ಎದ್ದಿತು. ಮೇಲೆ, ಎಡ, ಎಡ, ಕೆಳಗೆ. ತಾನು ನೋಡುತ್ತಿಲ್ಲ, ಹಾಡುತ್ತಿದ್ದೇನೆಂದು ಎರಡನೆಯ ಸಾಲಿನಲ್ಲೇ ಅವಳಿಗೆ ಅರಿವಾಯಿತು. ಆದರೆ ಹಾಡು ಅರ್ಧಕ್ಕೆ ನಿಲ್ಲಲಿಲ್ಲ. "ತುಂಬ ಚೆನ್ನಾಗಿ ಹೇಳ್ತಿದ್ದೀರಮ್ಮ!" ಎಂದು ನರ್ಸ್ ಮೆಚ್ಚಿಕೊಂಡಾಗ ಇನ್ನೂ ಒಂದು ಸಾಲು ಕೆಳಗಿಳಿದಳು.

ನಾಲ್ಕು ದಿನಕ್ಕೆ ಫೋನ್ ಬಂತು. ಪ್ರಯೋಗಕ್ಕೆ ಇಷ್ಟು ಮಟ್ಟಕ್ಕಿಂತ ದೃಷ್ಟಿ ಕಡಿಮೆಯಿರಬೇಕು, ನಿಮ್ಮದು ಬಹಳ ಚೆನ್ನಾಗಿದೆ, ಸೇರಿಸಿಕೊಳ್ಳಲಾಗದು. ಕಣ್ಣು ನೋಡಿದ ಯಂತ್ರದ ಲೆಕ್ಕ ಮಾತ್ರ ಯಾಕೋ ಅದಕ್ಕೆ ಹೊಂದುತ್ತಿಲ್ಲ.

ಸುಫುವಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ.

"ಪಟ ಹಾಡಿದ್ಯಾ?"

"ಕೈ ತಾನೇ ಹೋಯ್ತು ಅಣ್ಣ."

"ಅಲ್ಲ ಕಣೆ, ನನಗೆ ಅವರು ಬಾಗಿಲು ಹಾಕಿದ್ರು. ನೀನು ಒಳಗಿಂದ ನೀನೇ ಚಿಲಕ ಹಾಕ್ಕೊಂಡೆಯಲ್ಲೆ!"

ಅವನು ನಗಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಅಮಾವಾಸ್ಯೆ, ಅವಳ ಉಪವಾಸದ ದಿನ. ಬೆಳಿಗ್ಗೆ ಗ್ವಾನ್‌ಯಿನ್ ತಾಯಿಯ ಮುಂದೆ ಕೂತರೆ ಹಳೆಯ ಮಾತು ಬಾಯಿಗೆ ಬರಲಿಲ್ಲ. ಯಾರಿಗೂ ಕೇಡಿಲ್ಲ ಎಂದು ಈಗ ಹೇಗೆ ಹೇಳುವುದು?

ಆಸ್ಪತ್ರೆಯಲ್ಲಿ ನಿಜ ಹೇಳಿಬಿಡಬೇಕೆಂದು ಎದ್ದಳು. ಮೊದಲು ಮಾಲೀಕನ ಹತ್ತಿರ ಹೋಗಬೇಕಾಯಿತು. ಆಸ್ಪತ್ರೆಗೆ ತಿಂಗಳುಗಟ್ಟಲೆ ಓಡಾಡಲು ರಜೆ ಬೇಕು, ಕಾರಣ ಹೇಳದೆ ಸಿಗುವಂಥದ್ದಲ್ಲ. ಮಾಲೀಕ ಶೋ ಒಳ್ಳೆಯವನೇ, ಆದರೆ ಮೂಗಿನ ತುದಿಯಲ್ಲಿ ಕೋಪ. ಕೇಳಿಸಿಕೊಂಡವನು ಕೆಂಪಗಾದ.

"ಇಷ್ಟು ವರ್ಷ ಕಣ್ಣಿಲ್ಲದೆ ನನ್ನ ಮುತ್ತು ಆರಿಸಿದ್ದೀಯಾ? ಪೇಟೆಯಲ್ಲಿ ಗೊತ್ತಾದ್ರೆ ನನ್ನ ಮುಖ ಎಲ್ಲಿಡ್ಲಿ?"

"ಬೆರಳಿತ್ತಲ್ಲ ಅಣ್ಣಾವ್ರೇ."

"ಬೆರಳು! ಬಣ್ಣಾನೂ ಬೆರಳಲ್ಲೇ?"

ಹಿಂದಿನ ವಾರ ಅವಳು ಆರಿಸಿ ಮುಗಿಸಿದ್ದ ಬಟ್ಟಲುಗಳನ್ನೆಲ್ಲ ತರಿಸಿ, ದೀಪದ ಕೆಳಗೆ ತಾನೇ ಕೂತು ನೋಡಿದ. ಅರ್ಧ ಗಂಟೆಯಾಯಿತು. ನೇರಳೆಯಲ್ಲಿ ಒಂದೂ ಕಿತ್ತಳೆ ಸಿಗಲಿಲ್ಲ. ಕತ್ತು ಕೆರೆದುಕೊಂಡ. ಆಜುವನ್ನು ಕರೆದು, "ಇದು ಹೆಂಗೆ ಸಾಧ್ಯ?" ಎಂದು ಕೇಳಿದ.

ಆಜು ಅಪರೂಪಕ್ಕೆ ಮೆಲ್ಲಗೆ ಮಾತಾಡಿದಳು. "ನಾನು ಹೇಳಿಲ್ವಾ, ಅವಳ ಬೆರಳಿಗೇ ಕಣ್ಣಿವೆ ಅಂತ."

"ಸರಿ, ಬಟ್ಟಲು ಸರಿಯಿರೋವರೆಗೆ ಕೂತ್ಕೊ," ಎಂದ ಮಾಲೀಕ. "ಆಸ್ಪತ್ರೆಗೆ ಹೋಗಿ ಬಾ. ಇನ್ಮೇಲೆ ಆ ಪಟದ ಮುಂದೆ ನಿಲ್ಲಬೇಡ, ನನಗೇ ನಾಚಿಕೆಯಾಗುತ್ತೆ."

ಹಾಂಗ್‌ಝೋದಲ್ಲಿ ಪ್ರಯೋಗ ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಯಿನ್. ನಲವತ್ತರ ಹೆಂಗಸು, ಎಷ್ಟು ವೇಗವಾಗಿ ನಡೆಯುತ್ತಿದ್ದರೋ ಅಷ್ಟು ನಿಧಾನವಾಗಿ ಮಾತಾಡುತ್ತಿದ್ದರು. ಸುಯೂನ್ ಒಂದು ಡಬ್ಬಿ ತೋರೆಯಾ ಕಾಯಿ ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಎಲ್ಲ ಹೇಳಿದಳು. ಡಾಕ್ಟರು ನಂಬಲಿಲ್ಲ.

"ಪೂರ್ತಿ ಪಟಾನಾ?"

ಸುಯೂನ್ ಕಣ್ಣು ಮುಚ್ಚಿ, ಗೋಡೆಗೆ ಬೆನ್ನು ಮಾಡಿ, ಮೊದಲಿಂದ ಕೊನೆಯವರೆಗೆ ಹಾಡಿದಳು. ಬಾಗಿಲಲ್ಲಿ ನಿಂತಿದ್ದ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಡಾಕ್ಟರಿಗೂ ನಗು ಬಂತು, ಆದರೆ ಬೇಗ ಹೋಯಿತು.

"ನೋಡಿ ಸುಯೂನಕ್ಕ, ಇನ್ನೊಂದು ಸಲ ಪರೀಕ್ಷೆ ಮಾಡೋಕೆ ನಿಯಮದಲ್ಲಿ ಅವಕಾಶ ಇದೆ. ಬೇರೆ ಪಟ, ಪ್ರತಿ ಸಲಾನೂ ಬೇರೆ. ಆದರೆ ಒಂದು ಮಾತು. ಇಲ್ಲಿ ಯಾರೂ ಪಾಸಾಗಬೇಕಿಲ್ಲ. ಔಷಧಿ ಕೊಟ್ಟ ಮೇಲೂ ಅಷ್ಟೇ. ಡಾಕ್ಟರಮ್ಮ ಇಷ್ಟು ಕಷ್ಟಪಟ್ಟಿದ್ದಾಳೆ, ಪಾಪ, ಖುಷಿಯಾಗಲಿ ಅಂತ ಕಾಣದ್ದನ್ನ ಕಾಣಿಸ್ತು ಅನ್ನಬೇಡಿ. ಕೆಲಸ ಮಾಡದ ಔಷಧಿ ನಿಮ್ಮ ಬಾಯಿಂದ ಗೆದ್ದುಬಿಟ್ಟರೆ, ನಿಮ್ಮ ಹಿಂದೆ ಬರೋರಿಗೆಲ್ಲ ಮೋಸ."

"ಕಾಣದಿದ್ರೆ ಕಾಣಲ್ಲ ಅಂತೀನಿ."

"ಅಷ್ಟೇ ಸಾಕು. ಇನ್ನು ಈ ಡಬ್ಬಿ ವಾಪಸ್ ತಗೊಂಡು ಹೋಗಿ."

ಹೊಸ ಪಟದ ಮುಂದೆ ಸುಯೂನ್ ಮೂರನೆಯ ಸಾಲಿಗೇ ನಿಂತಳು. "ಕಾಣಲ್ಲ," ಎಂದಳು. ನರ್ಸ್ ಇನ್ನೊಂದನ್ನು ತಟ್ಟಿದಳು. "ಕಾಣಲ್ಲ." ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದ ಯಾವುದೋ ಭಾರ ಪ್ರತಿ ಸಲವೂ ಒಂದಿಷ್ಟು ಇಳಿಯಿತು. ಅವಳಿಗೆ ಪ್ರಯೋಗದಲ್ಲಿ ಜಾಗ ಸಿಕ್ಕಿತು.

ಒಪ್ಪಿಗೆ ಪತ್ರವನ್ನು ಡಾಕ್ಟರ್ ಯಿನ್ ತಾವೇ ಓದಿ ಹೇಳಿದರು, ಹತ್ತೊಂಬತ್ತು ಪುಟ. ರೋಗ ಹರಡುವ ಶಕ್ತಿ ತೆಗೆದುಹಾಕಿದ ವೈರಸ್ ಒಂದು ಸರಿಯಾದ ಜೀನನ್ನು ಹೊತ್ತುಕೊಂಡು ಹೋಗುತ್ತದೆ; ಕೂದಲಿನಂಥ ಸೂಜಿಯಿಂದ ಅದನ್ನು ಕಣ್ಣಿನ ಒಳಪದರದ ಅಡಿಗೆ ಬಿಡುತ್ತಾರೆ; ಒಂದೇ ಕಣ್ಣಿಗೆ, ಹೆಚ್ಚು ಕೆಟ್ಟಿರುವ ಬಲಗಣ್ಣಿಗೆ. ಊತ ಬರಬಹುದು, ಇರುವ ದೃಷ್ಟಿಯೂ ಹೋಗಬಹುದು, ಏನೂ ಆಗದಿರಲೂಬಹುದು. ಸುಯೂನ್ ಎಲ್ಲವನ್ನೂ ಗಮನವಿಟ್ಟು ಕೇಳಿ, "ಇದು ನಮಗೆ ಗೊತ್ತಿರೋ ಕೆಲಸಾನೇ," ಎಂದಳು.

"ಹೇಗೆ?"

"ಚಿಪ್ಪಿಗೆ ನಾವು ಮಾಡೋದು ಇದೇ ಅಲ್ವಾ? ಒಂದು ಚಿಪ್ಪಿನ ಮೈಯಿಂದ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ, ಇನ್ನೊಂದರ ಮೈ ಸೀಳಿ ಒಳಗಿಟ್ಟು, ಕೊಳಕ್ಕೆ ಬಿಡ್ತೀವಿ. ಹುಡುಗಿಯಾಗಿದ್ದಾಗ ದಿನಕ್ಕೆ ಎಷ್ಟು ಚಿಪ್ಪಿಗೆ ಇಟ್ಟಿದ್ದೀನೋ. ಕೆಲವು ಉಗುಳಿಬಿಡ್ತವೆ. ಕೆಲವು ಸಾಯ್ತವೆ. ಕೆಲವು ಸುಮ್ಮನೆ ಇರ್ತವೆ, ಮೂರು ವರ್ಷ ಬಿಟ್ಟು ತೆಗೆದ್ರೆ ಮುತ್ತು. ನಿಮ್ಮಲ್ಲಿ ಹತ್ತಕ್ಕೆ ಎಷ್ಟು ಉಗುಳ್ತವೆ?"

"ಅದನ್ನ ತಿಳ್ಕೊಳ್ಳೋಕೇ ಈ ಪ್ರಯೋಗ," ಎಂದರು ಡಾಕ್ಟರು. "ನನಗೂ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಹೇಳಿದ ಡಾಕ್ಟರನ್ನು ಸುಯೂನ್ ಅದುವರೆಗೆ ಕಂಡಿರಲಿಲ್ಲ. ಸಹಿ ಹಾಕಿದಳು.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದಾಗ ಅವಳಿಗೆ ದೇವರ ಹೆಸರಿಗಿಂತ ಮೊದಲು ಆ ಚಿಪ್ಪುಗಳು ನೆನಪಾದವು. ಅಮ್ಮ ಪ್ರತಿ ಚಿಪ್ಪನ್ನು ತೆರೆಯುವ ಮುನ್ನ "ತಪ್ಪಾಯ್ತು, ಸ್ವಲ್ಪ ತಡ್ಕೊ" ಎಂದು ಗೊಣಗುತ್ತಿದ್ದಳು. ಸುಯೂನ್ ಈಗ ಅದನ್ನೇ ತನಗೆ ತಾನೇ ಹೇಳಿಕೊಂಡಳು. ಆಮೇಲೆ ಗ್ವಾನ್‌ಯಿನ್ ತಾಯಿಯ ನಾಮ ಜಪಿಸುತ್ತ ಅಲುಗಾಡದೆ ಮಲಗಿದಳು. ಎಷ್ಟು ಅಲುಗಾಡದೆ ಎಂದರೆ, ನಿದ್ದೆ ಬಂತೇ ಎಂದು ನರ್ಸ್ ಎರಡು ಸಲ ಕೇಳಿದಳು.

ಮೊದಲ ತಿಂಗಳು ಬಲಗಣ್ಣಿನಲ್ಲಿ ಬರೀ ಹಾಲಿನಂಥ ಮಂಜು. ಊತ ತಡೆಯುವ ಮಾತ್ರೆಗಳಿಂದ ಮುಖ ದುಂಡಗಾಯಿತು. "ಮೊದಲ ದರ್ಜೆ ಮುತ್ತು," ಎಂದು ಆಜು ಕೆನ್ನೆ ಚಿವುಟಿದಳು. ಎರಡನೆಯ ತಿಂಗಳೂ ಹಾಗೇ. ಸುಯೂನ್ ತಪಾಸಣೆಗೆ ಹೋದಾಗಲೆಲ್ಲ ಕಾಣಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ ಬರುತ್ತಿದ್ದಳು. ಸುಫು ಏನೂ ಕೇಳುತ್ತಿರಲಿಲ್ಲ. ಅವಳು ಚಪ್ಪಲಿ ಬಿಡುವ ಸದ್ದಿನಲ್ಲೇ ಅವನಿಗೆ ತಿಳಿಯುತ್ತಿತ್ತು. ಸಿಪ್ಪೆ ಬಿಡಿಸಿದ ಕಾಯಿಯನ್ನು ಅವಳ ಅಂಗೈಗೆ ಇಡುತ್ತಿದ್ದ.

ಐದನೆಯ ತಿಂಗಳು ನರ್ಸ್ ಪಟ ತೋರಿಸಿದಾಗ ಬಲಗಣ್ಣಿಗೆ ಮೂರನೆಯ ಸಾಲು ಕಾಣುತ್ತಿತ್ತು. ನಾಲ್ಕನೆಯದರಲ್ಲಿ ಮಸುಕಾಗಿ ಒಂದು ಬಾಚಣಿಗೆ, ಹಲ್ಲು ಕೆಳಗೆ. ಸುಯೂನ್ ಕೈ ಎತ್ತಲಿಲ್ಲ. ಇದು ಹಾಡೋ, ಕಣ್ಣೋ? ಬಹಳ ಹೊತ್ತು ನೋಡಿದಳು.

"ಹೇಳಿ ಅಕ್ಕ, ಗಡಿಬಿಡಿ ಇಲ್ಲ."

"ಕೆಳಗೆ," ಎಂದಳು. "ಪಕ್ಕದ್ದು ಎಡ. ಅದರ ಪಕ್ಕದ್ದು ಕಾಣಲ್ಲ."

ಡಾಕ್ಟರ್ ಯಿನ್ ಅದನ್ನು ಬರೆದುಕೊಂಡರು. ಹಿಂದಿಗಿಂತ ಏಳು ಗುರುತು ಹೆಚ್ಚು. ಇದು ಎಷ್ಟು ದಿನ ನಿಲ್ಲುತ್ತದೋ ಹೇಳಲಾಗದು ಎಂದರು. ಅವರ ದನಿ ಎಂದಿಗಿಂತ ನಿಧಾನವಾಗಿತ್ತು.

ಆ ಸಂಜೆ ಸುಫುವಿಗೆ ಏಳು ಗುರುತಿನ ಸುದ್ದಿ ಹೇಳಿದಾಗ, "ಯಾವ ಧಾಟಿಗೆ?" ಎಂದ. ಆಮೇಲೆ ರೇಡಿಯೊ ಬಂದ್ ಮಾಡಿ, ಅವಳಿಂದ ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಎರಡು ಸಲ ಹೇಳಿಸಿಕೊಂಡ.

ಮುಂದಿನ ವಾರ, ಬೆಳಿಗ್ಗೆ ಹತ್ತರ ಬಿಸಿಲು ಕಿಟಕಿಯಿಂದ ಮೇಜಿಗೆ ಇಳಿದಿತ್ತು. ಸುಯೂನ್ ಎಂದಿನಂತೆ ಕತ್ತು ವಾಲಿಸಿ, ಮುತ್ತೊಂದನ್ನು ತಣ್ಣಗಿದೆಯೆಂದು ನೇರಳೆಯ ಬಟ್ಟಲಿಗೆ ಬಿಟ್ಟಳು. ಬಲಗಣ್ಣಿನ ಅಂಚಿನಲ್ಲಿ ಏನೋ ಆಡಿತು. ಒಂದು ದಪ್ಪ ಕೈ. ಅದು ಅವಳ ಬಟ್ಟಲಿಗೆ ಬಂದು, ಆ ಮುತ್ತನ್ನೇ ಎತ್ತಿ ಪಕ್ಕದ ಬಟ್ಟಲಿಗೆ ಹಾಕಿ, ಸದ್ದಿಲ್ಲದೆ ತನ್ನ ಜಾಗಕ್ಕೆ ಮರಳಿತು. ಇನ್ನೊಂದು ಬಿಟ್ಟಳು. ಆ ಕೈ ಮತ್ತೆ ಬಂತು. ಅಷ್ಟು ಹೊತ್ತೂ ಆಜುವಿನ ಬಾಯಿ ಅಳಿಯನನ್ನು ಬಯ್ಯುತ್ತಲೇ ಇತ್ತು.

ಸುಯೂನ್ ಆ ಕೈಯನ್ನು ಹಿಡಿದುಕೊಂಡಳು.

ಆಜುವಿನ ಮಾತು ನಿಂತಿತು. ಇಡೀ ಕೋಣೆ ತಿರುಗಿ ನೋಡಿತು.

"ಎಷ್ಟು ವರ್ಷದಿಂದ?" ಎಂದಳು ಸುಯೂನ್ ಪಿಸುದನಿಯಲ್ಲಿ.

"ಏನು ಎಷ್ಟು ವರ್ಷದಿಂದ? ಕೈ ಬಿಡೆ."

"ಆಜು."

"ಹನ್ನೆರಡು," ಎಂದಳು ಆಜು. "ಹದಿಮೂರೂ ಇರಬಹುದು. ದುಂಡು, ಗುಳಿ ಎಲ್ಲ ನಿಂದೇ ಕಣೆ, ಅದರಲ್ಲಿ ನಿನ್ನ ಮುಟ್ಟೋರಿಲ್ಲ. ಬಣ್ಣ ಮಾತ್ರ..."

"ತಣ್ಣಗೆ, ಬೆಚ್ಚಗೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲೇ ನಾನು!"

"ಹೇಳುವಾಗ ನಿನ್ನ ಮುಖ ನೋಡಬೇಕಿತ್ತು. ಹೆಂಗೆ ಬೇಡ ಅನ್ನಲಿ?"

ಸುಯೂನಳಿಗೆ ನಾಚಿಕೆಯಾಯಿತು, ಆಮೇಲೆ ನಗು ಬಂತು, ತಡೆಯಲಾಗದಷ್ಟು. ಆಜುವಿನ ಕೈಯನ್ನು ಬೆಳಕಿಗೆ ತಿರುಗಿಸಿ, ಬಲಗಣ್ಣಿನ ಹತ್ತಿರ ತಂದಳು. ತೋರುಬೆರಳ ಮೇಲೊಂದು ಹಳೆಯ ಸುಟ್ಟ ಕಲೆ, ಉಗುರಿನ ಸುತ್ತ ಒಡೆದ ಚರ್ಮ. ಹತ್ತೊಂಬತ್ತು ವರ್ಷ ಎದುರಿಗಿದ್ದ ಕೈ, ಈಗ ಮೊದಲ ಸಲ ಸರಿಯಾಗಿ ನೋಡಿದ್ದು. ಮೇಜು ಉಳಿಯಲೆಂಬ ತನ್ನ ಬೇಡಿಕೆಯನ್ನು ಗ್ವಾನ್‌ಯಿನ್ ತಾಯಿ ಹೀಗೂ ಕೇಳಿಸಿಕೊಂಡಿದ್ದಳೇ ಎಂದುಕೊಂಡಳು.

"ಇನ್ಮೇಲೆ ನೀನು ಎತ್ತಿ ಹಾಕಬೇಡ," ಎಂದಳು. "ತಪ್ಪಾದ್ರೆ ಬಾಯಲ್ಲಿ ಹೇಳು. ನಾನೇ ತೆಗೀತೀನಿ."

"ಹಂಗಾದ್ರೆ ಈಗಲೇ ಹೇಳ್ತೀನಿ. ಆ ಬಟ್ಟಲಲ್ಲಿ ಮೂರು ತಪ್ಪಿದೆ, ನೀನು ಮಾಡಿದ್ದು."

ಸುಯೂನ್ ಬಟ್ಟಲನ್ನು ಬಿಸಿಲಿಗೆ ಓರೆ ಮಾಡಿ, ಮೂಗು ತಾಕುವಷ್ಟು ಹತ್ತಿರ ಬಗ್ಗಿ ಹುಡುಕತೊಡಗಿದಳು. ಎರಡು ಸಿಕ್ಕವು. ಮೂರನೆಯದು ಕಾಣಲಿಲ್ಲ.

"ಕಾಣಲ್ಲ," ಎಂದಳು ನಿರಾಳವಾಗಿ, ಕೈ ಚಾಚಿ. "ತೋರಿಸು."