ನಮ್ಮತ್ತೆಯ ತಿಳಿಗಂಜಿ

ನಮ್ಮ ಅತ್ತೆ ಫಕೀರವ್ವ ಹಾಲು ಕೊಳ್ಳುವ ಮೊದಲು ಒಂದು ಹನಿಯನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟುಕೊಂಡು ಕೈ ವಾಲಿಸಿ ನೋಡುತ್ತಿದ್ದರು. ಹನಿ ನಿಂತರೆ ಹಾಲು, ಹರಿದರೆ ಗೌಳಿಗೆ ಅವತ್ತು ಮಂಗಳಾರತಿ. ಗದಗಿಗೆ ಹತ್ತಿದ ನಮ್ಮ ಬೆಟಗೇರಿಯಲ್ಲಿ ಹಾಗೆ ನೋಡುವವರು ಬೇಕಾದಷ್ಟು ಜನ ಇದ್ದರು. ಆದರೆ ಒಡಹುಟ್ಟಿದ ತಂಗಿ ತನ್ನ ಮನೆಯ ಎಮ್ಮೆ ಹಿಂಡಿ ತಂದ ಹಾಲನ್ನು, ಅವಳ ಎದುರಿಗೇ ಉಗುರಿನ ಮೇಲೆ ಬಿಟ್ಟು ನೋಡಿದವರು ಇವರೊಬ್ಬರೇ. ತಂಗಿ ಮುಖ ಊದಿಸಿಕೊಂಡಾಗ, "ನಿನ್ನ ಮ್ಯಾಲ ಸಂಶೆ ಇಲ್ಲವಾ, ನಿನ್ನ ಎಮ್ಮಿ ಮ್ಯಾಲ ಐತಿ" ಎಂದು ಸಮಾಧಾನ ಹೇಳಿದರಂತೆ.

ಅವರ ಸಂಶಯಕ್ಕೆ ಮೇಲು ಕೀಳು ಇರಲಿಲ್ಲ. ಅಂಗಡಿಯ ಉಪ್ಪನ್ನು ನೆಕ್ಕಿ ನೋಡದೆ ಸೆರಗಿಗೆ ಹಾಕಿಸಿಕೊಳ್ಳುತ್ತಿರಲಿಲ್ಲ. ಶಿರಹಟ್ಟಿಯ ಮಠಕ್ಕೆ ಹೊರಟರೆ ಮೊದಲು ಬಸ್ಸಿನ ಡ್ರೈವರನನ್ನು ಕೇಳಿ, ಆಮೇಲೆ ಕಂಡಕ್ಟರನನ್ನು ಕೇಳಿ, ಹತ್ತಿ ಕುಳಿತ ಮೇಲೆ ಪಕ್ಕದವರನ್ನೂ ಕೇಳುತ್ತಿದ್ದರು. ಮೂವರೂ ಶಿರಹಟ್ಟಿ ಎಂದರೆ, "ಮೂರೂ ಮಂದಿ ಒಂದ ಮಾತ ಆಡ್ತಾರಂದ್ರ ಏನೋ ಐತಿ" ಎನ್ನುವರು. ಸ್ವಾತಂತ್ರ್ಯ ಬಂದ ದಿನ ಶಾಲೆಯ ಮಾಸ್ತರರು ಓಣಿಯಲ್ಲಿ ಸಕ್ಕರೆ ಹಂಚುತ್ತಾ ಬಂದು, "ಅವ್ವಾರ, ಇಂಗ್ರೇಜರು ಹೋದ್ರು" ಎಂದರು. ಅತ್ತೆ ಸಕ್ಕರೆಯನ್ನು ಬೆಳಕಿಗೆ ಹಿಡಿದು ನೋಡಿ, "ಹೋಗಿದ್ದು ನೀವು ನೋಡೀರೇನ್ರಿ?" ಎಂದು ಕೇಳಿದರು. ಪಾಪ, ಮಾಸ್ತರರು ಎಲ್ಲಿಂದ ನೋಡಿರಬೇಕು! ಸಕ್ಕರೆ ಮಾತ್ರ ಅತ್ತೆ ಬಾಯಿಗೆ ಹಾಕಿಕೊಂಡರು.

ನಾನು ಹೊಂಬಳದವಳು. ಒಕ್ಕಲುತನದ ಮನೆಯಿಂದ ಮಗ್ಗದ ಮನೆಗೆ ಬಂದವಳು. ಬಂದ ಮರುದಿನ ನಾನು ಬಡಿದ ರೊಟ್ಟಿಯನ್ನು ಅತ್ತೆ ಮುರಿದು ಒಳಗೆ ಇಣುಕಿ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಳೆ ವಯಸ್ಸಿಗೇ ವಿಧವೆಯಾಗಿ, ಗಂಡ ಬಿಟ್ಟುಹೋದ ಕುಣಿಮಗ್ಗದಲ್ಲಿ ತಾವೇ ಇಳಿದು ಕುಳಿತು, ಒಬ್ಬ ಮಗನನ್ನು ದೊಡ್ಡವನನ್ನಾಗಿ ಮಾಡಿದ ಹೆಂಗಸು. ನಾಲ್ಕೂ ದಿಕ್ಕಿನವರು ಮೋಸ ಮಾಡಿದ್ದರು. ನಂಬಿ ಕೆಟ್ಟವರಿಲ್ಲ ಎನ್ನುವ ಮಾತು ಕೇಳಿದರೆ, "ಆ ಮಾತು ಹೇಳಿದಾಂವ ನೂಲಿನ ಸಾವ್ಕಾರನ ಇರಬೇಕು" ಎನ್ನುತ್ತಿದ್ದರು. ಅವರು ನೇಯ್ದ ಪತ್ತಲದ ಸೀರೆ ಮಾತ್ರ ಅಷ್ಟು ದಟ್ಟ, ನೀರು ಕೂಡ ಅಪ್ಪಣೆ ಕೇಳಿ ಇಳಿಯಬೇಕಿತ್ತು. ಸಡಿಲು ನೇಯ್ಗೆ ಅಂದರೆ ಕಳ್ಳತನ ಎಂದೇ ಅವರ ಲೆಕ್ಕ.

ಗಂಡನ ಹೆಸರು ಹೇಳುವ ರೂಢಿ ನಮಗಿರಲಿಲ್ಲ. ಈಗ ಹೇಳಿದರೆ ಬಯ್ಯುವವರು ಯಾರೂ ಇಲ್ಲ, ಹೇಳುತ್ತೇನೆ. ಈರಪ್ಪ. ಇವರಿಗೆ ಬೆಳಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ ಶುರುವಾಯಿತು. ಆಮೇಲೆ ನಡೆಯುವಾಗ ಜೋಲಿ ಹೊಡೆಯತೊಡಗಿದರು. ಮುಂಬೈ ಸರಕಾರ ದಾರೂಬಂದಿ ಮಾಡಿದ ಕಾಲ ಅದು. ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಕದ್ದು ಕುಡಿದಿರಬೇಕೆಂದು ಮಗನ ಬಾಯಿ ಮೂಸಿ ನೋಡಿದ್ದು. ಹುಬ್ಬಳ್ಳಿಯ ಡಾಕ್ಟರರು ತಲೆಯೊಳಗೆ ಗಡ್ಡೆ ಇದೆ ಎಂದು ಹೇಳಿ ಮುಂಬೈಗೆ ಕಳಿಸಿದರು. ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ತಲೆಬುರುಡೆ ತೆರೆದು ಗಡ್ಡೆ ತೆಗೆದರು. ಜೀವ ಉಳಿಯಿತು, ನುಂಗುವ ಶಕ್ತಿ ಹೋಯಿತು. ಒಂದು ಗುಟುಕು ನೀರು ಕುಡಿಸಿದರೂ ಅದು ಶ್ವಾಸಕ್ಕೆ ಹೋಗಿ ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತಿತ್ತು. ದನಿ ಅಡಗಿತ್ತು, ಕೈ ನಡುಗಿ ಬರೆದು ತೋರಿಸಲೂ ಆಗುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಯವರೆಗೆ ಇಳಿಸಿದ ಒಂದು ಕೆಂಪು ರಬ್ಬರ್ ನಳಿಗೆಯೊಂದಿಗೆ ಅವರನ್ನು ಮನೆಗೆ ಕರೆತಂದೆವು.

ನಳಿಗೆ ಬದಲಿಸಲು ಬರುತ್ತಿದ್ದವರು ಗದಗಿನ ಒಬ್ಬ ತರುಣ ಡಾಕ್ಟರರು, ಮಿರಜಿನ ಕಡೆಯವರು. ಮನೆಮಾತು ಮರಾಠಿ. ಕನ್ನಡವನ್ನು ಹೊಸ ಜೋಡು ಹಾಕಿಕೊಂಡವರ ಹಾಗೆ ಎಚ್ಚರಿಕೆಯಿಂದ ಆಡುತ್ತಿದ್ದರು. ಮೊದಲ ಸಲ ಬಂದಾಗ ನಾನು ನೀರಿಗೆ ಹೋಗಿದ್ದೆ. ತಲೆ ಎತ್ತರ ಇಟ್ಟು ಕೂರಿಸಬೇಕು, ಗಾಜಿನ ಲಾಳಿಕೆಯಿಂದ ನಿಧಾನ ಹೊಯ್ಯಬೇಕು, ಹೊಯ್ದಾದ ಮೇಲೆ ನೀರು ಬಿಟ್ಟು ನಳಿಗೆ ತೊಳೆಯಬೇಕು, ಎಂದೆಲ್ಲ ಅತ್ತೆಗೆ ಕಲಿಸಿ ಹೋದರಂತೆ. ನಾನು ಬಂದಾಗ ಅತ್ತೆ ಒಲೆಯ ಮುಂದೆ ಕುಳಿತಾಗಿತ್ತು.

"ಗಂಜಿ ತಿಳಿ ಇರಬೇಕಂತ. ಗಟ್ಟಿ ಆದ್ರ ನಳಗಿ ಕಟ್ಟತೈತಿ, ಕಟ್ಟಿದ್ರ ಜೀವಕ್ಕ ಬರತೈತಿ. ನೀ ಇದನ್ನ ಮುಟ್ಟಬ್ಯಾಡ," ಎಂದರು.

ಅವತ್ತಿನಿಂದ ಆ ಪಾತ್ರೆ ಅವರದೇ ಆಯಿತು. ಜೋಳದ ಹಿಟ್ಟು, ಹೆಸರುಬೇಳೆ ಹಾಕಿ ಕುದಿಸಿ, ತಮ್ಮದೇ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಅದನ್ನೂ ಕದಲದಂತೆ ಇಟ್ಟು, ಮೇಲೆ ನಿಂತ ತಿಳಿಯನ್ನಷ್ಟೇ ಮೆಲ್ಲಗೆ ಬಸಿಯುತ್ತಿದ್ದರು. ಅಡಿಯ ಗಷ್ಟನ್ನೆಲ್ಲ ಹಿತ್ತಲಿನ ಆಡಿಗೆ ಹಾಕುತ್ತಿದ್ದರು. ಹಾಲಿಗೆ ನೀರು ಬೆರೆಸಿದ್ದಾನೆಂದು ಗೌಳಿಯ ಏಳು ತಲೆಮಾರನ್ನು ಬೈದು ಕಳಿಸಿ, ಒಳಗೆ ಬಂದು ತಾವೇ ಅದಕ್ಕೆ ಇನ್ನಷ್ಟು ನೀರು ಹೊಯ್ಯುತ್ತಿದ್ದರು. ನಾನು ನಕ್ಕಿದ್ದಕ್ಕೆ, "ಅವಂದು ಕಳ್ಳನೀರು, ಇದು ಡಾಕ್ಟರ ಹೇಳಿದ ನೀರು. ಅದಕೂ ಇದಕೂ ಫರಕ ಐತಿ" ಎಂದು ಗದರಿದರು. ಫರಕು ಇದ್ದರೂ ಇರಬಹುದು ಎಂದುಕೊಂಡೆ. ಡಾಕ್ಟರರ ಮಾತಿಗೆ ಎದುರಾಡಲು ನಾನು ಯಾರು?

ಇವರು ದಿನದಿನಕ್ಕೆ ಕರಗತೊಡಗಿದರು. ಎದೆಯ ಎಲುಬು ಎದ್ದವು, ಕಣ್ಣು ಗುಳಿಬಿದ್ದವು. ದನಿ ಇಲ್ಲದ ಮನುಷ್ಯ ಹೊಟ್ಟೆಯ ಮೇಲೆ ಕೈ ಇಟ್ಟು ತಾಯಿಯ ಮುಖ ನೋಡುತ್ತಿದ್ದರು. ಹೊಟ್ಟೆನೋವು ಎಂದು ತಿಳಿದ ಅತ್ತೆ ಗಂಜಿಯನ್ನು ಇನ್ನೂ ತಿಳಿ ಮಾಡಿದರು. ಹಿತ್ತಲಿನ ಆಡು ಮಾತ್ರ ದುಂಡಗಾಗುತ್ತಿತ್ತು.

ಮಗ ಕರಗಿದಷ್ಟೂ ಅತ್ತೆಯ ಸಂಶಯ ಬೆಳೆಯಿತು. ಮೊದಲು ಗೌಳಿಯನ್ನು ಬಿಡಿಸಿದರು. ಆಮೇಲೆ ಮುಂಬೈಯ ನಳಿಗೆಗೆ ಎಲ್ಲೋ ತೂತಿದೆ ಎಂದು ಅದರ ಉದ್ದಕ್ಕೂ ಬೆರಳಾಡಿಸಿ ನೋಡಿದರು. ಎದುರುಮನೆಯವಳ ಕಣ್ಣು ಬಿತ್ತೆಂದು ಮೆಣಸಿನಕಾಯಿ ನಿವಾಳಿಸಿದರು. ಯಾವುದೂ ಫಲ ಕೊಡದೆ ಹೋದಾಗ ಸಂಶಯಪಡಲು ಮನೆಯೊಳಗೆ ಉಳಿದವಳು ನಾನೊಬ್ಬಳೇ. ಹಿಟ್ಟಿನ ಡಬ್ಬಿಗೆ ಕೀಲಿ ಬಿತ್ತು. ನಾನು ಒಲೆಯ ಹತ್ತಿರದಿಂದ ಎದ್ದು ಬಂದರೆ ಕೈ ಮೂಸುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಅಣ್ಣ ಹೊಂಬಳದಿಂದ ಶೇಂಗಾ ಹೊತ್ತು ನನ್ನನ್ನು ನೋಡಲು ಬಂದ. ಅವನಿಗೆ ಚಹಾ ಕೊಟ್ಟೆ. ಅತ್ತೆ ಮಗ್ಗದಿಂದಲೇ ಕೂಗಿದರು.

"ಹಾಲು ಯಾರ ಹೊಟ್ಟಿಗೆ ಹೊಂಟೈತಿ ಅಂತ ಇವತ್ತ ಗೊತ್ತಾತು."

ಅಣ್ಣ ಬಟ್ಟಲು ಕೆಳಗಿಟ್ಟ. "ನಡಿಯವಾ ಊರಿಗೆ. ಇಲ್ಲಿ ಇದ್ದು ಏನ ಮಾಡ್ತಿ?" ಎಂದ. ನಾನು ಗಂಟು ಕಟ್ಟಿದ್ದು ಖರೆ. ಹೊರಗಿನ ಕೋಣೆಯಲ್ಲಿ ಇವರು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದರು. ಗಂಟು ಬಿಚ್ಚಿಟ್ಟೆ. ಅತ್ತೆಯ ಮುಂದೆ ನಿಂತು, ಹುಟ್ಟಿದಾಗಿನಿಂದ ಯಾರ ಎದುರೂ ಆಡದ ದನಿಯಲ್ಲಿ ಅಂದೆ: "ನಾ ಕದ್ದೀನಿ ಅಂತ ಅನ್ನಬ್ಯಾಡ್ರಿ. ಅವರಿಗೆ ಹಾಕೂದನ್ನ ನೀವು ಉಂಡು ನೋಡ್ರಿ. ಅದರಾಗ ಕಸುವು ಐತೋ ಇಲ್ಲೋ ಗೊತ್ತಾಕ್ಕೈತಿ."

ಸಿಟ್ಟಿಗೆ ಬಂದ ಮಾತು ಅದು, ತಿಳಿವಳಿಕೆಯದಲ್ಲ. ಆದರೆ ಪರೀಕ್ಷೆ ಮಾಡಿ ನೋಡು ಅಂದರೆ ಬಿಡುವ ಜೀವವೇ ಅದು? ಮರುದಿನದಿಂದ ಅತ್ತೆ ರೊಟ್ಟಿ ಮುಟ್ಟಲಿಲ್ಲ. ಮಗನಿಗೆ ಹೊಯ್ದಷ್ಟೇ ತಿಳಿಯನ್ನು ತಾವೂ ಅಳತೆ ಹಿಡಿದು ಕುಡಿದರು, ಕುಡಿದು ಮಗ್ಗಕ್ಕೆ ಇಳಿದರು. ನಾನು ಏನಾದರೂ ಬೆರೆಸಿಯೇನೆಂದು ಪಾತ್ರೆಯನ್ನು ಮಗ್ಗದ ಕುಣಿಯ ಬದಿಗೇ ಇಟ್ಟುಕೊಂಡಿದ್ದರು. ಮೊದಲ ದಿನ ಗತ್ತಿನಿಂದ ಇದ್ದರು. ಆಮೇಲೆ ಲಾಳಿಯ ಸಪ್ಪಳ ನಿಂತು ನಿಂತು ಬರತೊಡಗಿತು. ಒಂದು ದಿನ ಸಪ್ಪಳವೇ ಇಲ್ಲ. ಹೋಗಿ ನೋಡಿದರೆ ಮಗ್ಗದ ಹಾಸಿನ ಎಳೆಗಳ ಮೇಲೆ ತಲೆ ಇಟ್ಟು ಬಿದ್ದಿದ್ದರು.

ಎತ್ತಿ ಕೂರಿಸಿ ಬೆಲ್ಲದ ನೀರು ಕುಡಿಸಿದೆ. ಜೀವಮಾನದಲ್ಲಿ ಮೊದಲ ಸಲ ನೋಡದೆ, ಮೂಸದೆ ಕುಡಿದರು. ಕುಡಿದು ಮಗನ ಕಡೆ ನೋಡಿದರು. ಅವರ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿತ್ತು.

"ನೋವಲ್ಲವಾ ಅದು," ಎಂದರು. "ಹಸಿವಿ. ಅಂವ ಹಸಿವಿ ಅಂತ ತೋರಿಸ್ತಿದ್ದ."

ನಳಿಗೆ ಬದಲಿಸುವ ದಿನಕ್ಕೆ ಕಾಯದೆ ಡಾಕ್ಟರರನ್ನು ಕರೆಸಿದೆವು. ಅತ್ತೆ ಪಾತ್ರೆಯನ್ನು ಅವರ ಮುಂದಿಟ್ಟು, "ನೀವು ಹೇಳಿದ ತಿಳಿ ಇದ ಹೌದಲ್ರಿ?" ಎಂದು ಕೇಳಿದರು. ಡಾಕ್ಟರರು ಚಮಚದಿಂದ ಎತ್ತಿ ನೋಡಿದರು. ಪಾತ್ರೆಯ ತಳ ಕಾಣುತ್ತಿತ್ತು. "ಇದು ಪಾಣಿ! ನಾನು ತಿಳಿ ಅಂದೆ, ತಿಳಿ... ಪಾತಳ. ಮಜ್ಜಿಗಿ ಹಂಗ" ಎಂದು ಬೆರಳ ನಡುವಿನಿಂದ ಏನೋ ಸುರಿಯುವಂತೆ ತೋರಿಸಿದರು. ಆಗ ನನಗೆ ಹೊಳೆಯಿತು. "ತೆಳು ಅನ್ನಬೇಕಾಗಿತ್ತೇನ್ರಿ? ತೆಳ್ಳಗ?" ಎಂದೆ. "ತೇಚ್ ತೇಚ್, ಅದ ಅದ," ಎಂದವರು ನಮ್ಮ ಮುಖ ನೋಡಿ ಬಿಳಿಚಿಕೊಂಡರು. ಒಂದು ಶಬ್ದ ಆಚೆ ಈಚೆಯಾಗಿ ಒಬ್ಬ ಮನುಷ್ಯ ಬೇಳೆ ಕುದಿಯುವ ಮನೆಯಲ್ಲಿ ಉಪವಾಸ ಬಿದ್ದಿದ್ದ.

ಅತ್ತೆ ಡಾಕ್ಟರರನ್ನು ಬಯ್ಯುತ್ತಾರೆಂದು ನಾನು ಕಾದೆ. ಅವರು ಸೊಂಟದ ಕೀಲಿಕೈ ಬಿಚ್ಚಿ ನನ್ನ ಮುಂದೆ ಇಟ್ಟರು. "ಕಳ್ಳಿ ಸಿಕ್ಕಳು. ಊರೆಲ್ಲ ಹುಡುಕಿದೆ, ನನ್ನ ಸೆರಗಿನಾಗ ಇದ್ಲು."

ಅವತ್ತೇ ಮಗ್ಗದಲ್ಲಿದ್ದ ಪತ್ತಲವನ್ನು ಅರ್ಧಕ್ಕೆ ಬಿಟ್ಟು, ಎಳೆಗಳ ನಡುವೆ ಜಾಗ ಬಿಟ್ಟು ಸಡಿಲಾದ ಒಂದು ಸೋಸುಬಟ್ಟೆ ನೇಯ್ದರು. ನೋಡಿದ ನೇಕಾರರು ನಗುತ್ತಿದ್ದರು. "ನಗಲಿ ಬಿಡು. ಇದರಾಗ ಇಳೀಬೇಕು, ಇಳೀಲಿ" ಎಂದರು. ಹುರಿದ ಹಿಟ್ಟು, ನುಣ್ಣಗೆ ಅರೆದ ಬೇಳೆ, ಗಟ್ಟಿ ಹಾಲು, ಬೆಲ್ಲ, ಒಂದಿಷ್ಟು ಶೇಂಗಾ ಎಣ್ಣೆ. ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ ಇಬ್ಬರೂ ಕೂಡಿ ಹೊಯ್ಯತೊಡಗಿದೆವು. ಒಬ್ಬರು ಲಾಳಿಕೆ ಹಿಡಿದರೆ ಒಬ್ಬರು ತಲೆ ಹಿಡಿಯುವುದು. ಬರಬರುತ್ತ ಇವರ ಕೆನ್ನೆ ತುಂಬಿತು, ಗೋಡೆ ಹಿಡಿದು ನಡೆದರು, ಒಡಕು ದನಿ ಬಂತು. ಬಂದ ದನಿಯಲ್ಲಿ ಮೊದಲು ಕರೆದದ್ದು "ಯವ್ವಾ" ಎಂದು. ನನಗೆ ಒಂಚೂರು ಹೊಟ್ಟೆಕಿಚ್ಚಾಯಿತು. ಅದನ್ನೇಕೆ ಮುಚ್ಚಿಡಲಿ?

ಏಕೀಕರಣದ ದಿನ ಗದಗಿನಲ್ಲೆಲ್ಲ ಮೆರವಣಿಗೆ. ಇವರು ಕಟ್ಟೆಯ ಮೇಲೆ ಕುಳಿತು ನೋಡಿದರು. ಇನ್ನು ನಾವು ಮುಂಬೈಯವರಲ್ಲ, ಮೈಸೂರಿನವರು ಎಂದಾಗ ಅತ್ತೆಗೆ ಹೊಸ ಸಂಶಯ ಹತ್ತಿತು. "ಅಲ್ಲೋ ಈರಪ್ಪಾ, ನಿನ್ನ ತಲಿ ಕೊಯ್ದ ಡಾಕ್ಟರ ಬ್ಯಾರೆ ರಾಜ್ಯದಾಂವ ಆದ. ನಾಳೆ ತೋರಿಸಾಕ ಹ್ವಾದ್ರ ಒಳಗ ಬಿಡ್ತಾರೋ ಇಲ್ಲೋ?" ಇವರು ನಕ್ಕದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದ್ದು ಆಗಲೇ.

ಮುಂಬೈಯವರು ಒಳಗೆ ಬಿಡದೇ ಇರಲಿಲ್ಲ. ಬಿಟ್ಟರು, ನೋಡಿದರು, ಗಡ್ಡೆ ಮತ್ತೆ ಬೆಳೆದಿದೆ, ಮತ್ತೊಮ್ಮೆ ಕೊಯ್ಯಲು ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಇವರು ಮುಂದಿನ ಬೇಸಿಗೆ ದಾಟಲಿಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಮುಂಡರಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ನನ್ನೊಂದಿಗೆ ಬನ್ನಿರೆಂದರೆ ಅತ್ತೆ ಮಗ್ಗ ಬಿಟ್ಟು ಬರಲೊಲ್ಲೆ ಎಂದರು. ರಜೆ ಬಂದಾಗಲೆಲ್ಲ ಹೋಗಿ ಬರುತ್ತಿದ್ದೆ.

ಕೊನೆಯ ಸಲ ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ತಮ್ಮನ್ನು ನೋಡಿಕೊಳ್ಳುತ್ತಿದ್ದ ತಂಗಿಯನ್ನು ಹೊರಗೆ ಕಳಿಸಿ, ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಒಂದು ಮಾತ ಕೇಳ್ತೀನಿ. ಆ ತಿಳಿ ನೀರ ಹಾಕಿ ಅವನ್ನ ಉಪಾಸ ಕೆಡವಿದ್ನಲ್ಲ, ಅದಕ್ಕ ಗಡ್ಡಿ ಮತ್ತ ಬೆಳೀತೇನು?"

"ಇಲ್ಲತ್ತಿ. ಅದಕೂ ಇದಕೂ ಸಂಬಂಧ ಇಲ್ಲ ಅಂತ ಮುಂಬೈ ಡಾಕ್ಟರು ಹೇಳಿದ್ರಲ್ರಿ. ಗದಗಿನವರೂ ಅದನ್ನ ಹೇಳಿದ್ರು."

"ಅವರು ಹೇಳಿದ್ದ ಬ್ಯಾಡ. ಮಂದಿ ಮುದುಕಿಗೆ ಸಮಾಧಾನ ಹೇಳ್ತಾರ. ನೀ ಹೇಳು. ನೀ ಅಂದ್ರ ನಂಬ್ತೀನಿ."

ಡಾಕ್ಟರರು ಹೇಳಿದ್ದು ನಿಜವೇ ಇರಬೇಕು. ಆದರೂ ಆ ಉಪವಾಸ ಇವರ ಮೈಯಿಂದ ಏನೇನು ಕಿತ್ತುಕೊಂಡಿತು ಎಂದು ಯಾರು ಬಲ್ಲರು? ನಾನಂತೂ ಅರಿಯೆ.

"ನಿಮ್ಮಿಂದ ಅಲ್ಲತ್ತಿ," ಎಂದೆ.

ಅವರು ಖರೆಯೋ ಸುಳ್ಳೋ ಎಂದು ನನ್ನ ಮುಖವನ್ನು ನೋಡಲಿಲ್ಲ. ಮತ್ತೊಂದು ಪ್ರಶ್ನೆ ಕೇಳಲಿಲ್ಲ. "ಆತು" ಎಂದು ಕಣ್ಣು ಮುಚ್ಚಿದರು. ನನ್ನ ಕೈ ಮಾತ್ರ ಬಿಡಲಿಲ್ಲ. ಮುಂಡರಗಿಯ ಬಸ್ಸಿಗೆ ಹೊತ್ತಾಗುತ್ತದೆಂದು ಅವರ ತಂಗಿ ಬಂದು ಕರೆದರು. ಅವತ್ತು ಆ ಬಸ್ಸಿಗೆ ನಾನು ಹೋಗಲಿಲ್ಲ.