ಒಣಗದ ನೀರಾನೆ

ಬಣ್ಣದಕ್ಕನಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಆಕೆಯ ಉಗುರು ನೋಡಿಯೇ ಇಟ್ಟಿರಬೇಕು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಒಂಚೂರು ಹಸಿರೋ ಕಿತ್ತಳೆಯೋ ಉಳಿದೇ ಇರುತ್ತಿತ್ತು. ಮದುವೆಗೆ ಹೋದರೂ ಅದೇ ಕೈ, ಆಸ್ಪತ್ರೆಗೆ ಹೋದರೂ ಅದೇ ಕೈ. ಮೊದಲೆಲ್ಲ ಶಿಶುವಿಹಾರಗಳ ಗೋಡೆಗಳ ಮೇಲೆ ಆಳೆತ್ತರದ ಕರಡಿ, ಟೋಪಿ ಹಾಕಿದ ಮೊಲ, ಹಲ್ಲು ಬಿಡುವ ಸೂರ್ಯ ಇವನ್ನೆಲ್ಲ ಬರೆಯುತ್ತಿದ್ದಳು. ಮಂಡಿಚಿಪ್ಪು ಸವೆದ ಮೇಲೆ ಏಣಿ ಹತ್ತುವುದು ನಿಂತಿತು. ಗೋಡೆಯಷ್ಟಿದ್ದ ಕರಡಿ ಅಂಗೈಯಷ್ಟು ಕಾರ್ಡಿಗೆ ಇಳಿಯಿತು.

ಕಾರ್ಡೆಂದರೆ ಇಸ್ಪೀಟಿನ ಎಲೆಯಲ್ಲ. ಮಕ್ಕಳೂ, ಮಕ್ಕಳಾಗಿಯೇ ಉಳಿದುಬಿಟ್ಟ ದೊಡ್ಡವರೂ ಅಂಗಡಿಯಿಂದ ಕೊಂಡು, ಕೂಡಿಟ್ಟು, ಒಬ್ಬರಿಗೊಬ್ಬರು ಬದಲಾಯಿಸಿಕೊಂಡು ಆಡುತ್ತಾರಲ್ಲ, ಒಂದೊಂದರ ಮೇಲೂ ಒಬ್ಬ ರಾಕ್ಷಸನೋ ವೀರನೋ ಇರುವ ಕಾರ್ಡು, ಅದು. ಅಚ್ಚಾದ ಚಿತ್ರ ಸಾಕಾದವರು ಅದರ ಮೇಲೆ ತಮಗೆ ಬೇಕಾದ ಚಿತ್ರ ಬರೆಸಿಕೊಳ್ಳುತ್ತಾರೆ. ಬಣ್ಣದಕ್ಕ ಕಾರ್ಡಿನ ಮೇಲಿನ ಹೊಳಪನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ ತೆಗೆಯುವಳು. ತೆಳುವಾಗಿ ಬಿಳಿ ಬಳಿದು, ಅದರ ಮೇಲೆ ಪದರ ಪದರವಾಗಿ ಅಕ್ರಿಲಿಕ್ ಬಣ್ಣ ಕೂರಿಸುವಳು. ಕೊನೆಗೆ ನಾಲ್ಕು ಕೂದಲಿನ ಕುಂಚದಿಂದ ಸುತ್ತಲೂ ಕಪ್ಪು ಗೆರೆ, ಕಣ್ಣಿನಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಆ ಚುಕ್ಕೆ ಬಿದ್ದ ಗಳಿಗೆಯಲ್ಲೇ ಪ್ರಾಣಿಗೆ ಜೀವ ಬರುವುದು. ಅದನ್ನಿಡುವಾಗ ಆಕೆ ಉಸಿರು ಬಿಗಿಹಿಡಿಯುತ್ತಿದ್ದಳು. ಈಚೀಚೆಗೆ ಉಸಿರು ಬಿಟ್ಟಾಗ ಅದರ ಜೊತೆಗೆ ಮೈಯಲ್ಲಿದ್ದ ಶಕ್ತಿಯೂ ಹೋದಂತಾಗುತ್ತಿತ್ತು.

ದಣಿವಿಗೆ ಕಾರ್ಡುಗಳಷ್ಟೇ ಕಾರಣವಲ್ಲ. ಆಕೆಯ ಯಜಮಾನರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ರಾಶಿ ಬಿದ್ದ ಕಾಗದಗಳನ್ನು ಒಂದೇ ಮುಖಕ್ಕೆ ತಿರುಗಿಸಿ, ಅಂಚು ಕುಟ್ಟಿ ಸರಿಮಾಡಿ, ರಬ್ಬರ್‌ಬ್ಯಾಂಡ್ ಹಾಕಿ ಎತ್ತಿಡುವುದರಲ್ಲೇ ಅವರ ಆಯುಸ್ಸು ಕಳೆದಿತ್ತು. ನಿವೃತ್ತಿಯಾಗಿ ವರ್ಷ ತುಂಬುವುದರೊಳಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಕೈ ಹೋಗಿದ್ದಕ್ಕಿಂತ ಹೆಚ್ಚಾಗಿ ಮನುಷ್ಯನೇ ಹೋಗಿಬಿಟ್ಟಿದ್ದ. ಬೀದಿಯಲ್ಲಿ ಹೋಗುವವರೆಲ್ಲ ಕತ್ತೆತ್ತಿ ಮಹಡಿಯ ಕಿಟಕಿಯತ್ತ ನೋಡಿ ಹೇಗಿದ್ದೀರಿ ಎಂದು ಕೂಗಿ ಕೇಳುತ್ತಾರೆಂದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು. ಗೋಡೆಯಲ್ಲಿ ಇದ್ದದ್ದಾದರೂ ಏನು? ಉದ್ದಕ್ಕೆ ಒಂದು ಮರದ ಹಲಗೆ, ಅದರ ತುದಿಯಲ್ಲಿ ಕೆಟ್ಟುಹೋದ ರೇಡಿಯೋ. ಬೆಳಗಿನಿಂದ ಸಂಜೆಯವರೆಗೆ ಅದನ್ನೇ ನೋಡುವುದು. ತುತ್ತು ಕೊಟ್ಟರೆ ತಿಂದರು, ಇಲ್ಲದಿದ್ದರೆ ಇಲ್ಲ. ಆ ಬೆನ್ನು ನೋಡಿ ನೋಡಿ ಬಣ್ಣದಕ್ಕನಿಗೆ ಮಾತೇ ಮರೆತುಹೋಗುವ ಹಾಗಾಗಿತ್ತು.

ಅವರನ್ನು ಆ ಗೋಡೆಯಿಂದ ತಿರುಗಿಸಿದ್ದು ಡಾಕ್ಟರೂ ಅಲ್ಲ, ಮಾತ್ರೆಯೂ ಅಲ್ಲ, ಒಂದು ಕೊಳಕು ಲೋಟ. ಒಂದು ಸಂಜೆ ಆಕೆ ಸುಸ್ತಾಗಿ ಕುಂಚಗಳನ್ನು ನೀರಿನ ಲೋಟದಲ್ಲೇ ಬಿಟ್ಟು ಮಲಗಿದಳು. ಎದ್ದು ಬಂದರೆ ಕುಂಚಗಳು ತೊಳೆದು, ಗಾತ್ರದ ಪ್ರಕಾರ ಸಾಲಾಗಿ, ಬಟ್ಟೆಯ ಮೇಲೆ ಮಲಗಿದ್ದವು. ಎಡಗೈಯಲ್ಲೇ ತೊಳೆದಿದ್ದರು. "ಹಾಗೆ ಬಿಟ್ರೆ ಕೂದಲು ಹಾಳಾಗುತ್ತೆ ಅಂತ ನೀನೇ ಹೇಳ್ತಿದ್ದೆ" ಅಂದರು, ಯಾರೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. ಅಂದಿನಿಂದ ಕುಂಚ ತೊಳೆಯುವುದು ಅವರ ಪಾಲಿನ ಕೆಲಸವಾಯಿತು. ಆಮೇಲೆ ತಾವೇ ಗಡ್ಡ ಹೆರೆದುಕೊಂಡು ಗಲ್ಲವೆಲ್ಲ ಗಾಯ ಮಾಡಿಕೊಂಡರು. ಆಮೇಲೆ ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಮುಖ ಸಿಂಡರಿಸಿದರು. ಅಂದು ಬಣ್ಣದಕ್ಕ ಅಡುಗೆಮನೆಗೆ ಹೋಗಿ ಅತ್ತಳು. ಗಂಡ ಅಡುಗೆಗೆ ಹೆಸರಿಟ್ಟದ್ದಕ್ಕೆ ಖುಷಿಯಿಂದ ಅತ್ತ ಹೆಂಗಸು ಲೋಕದಲ್ಲಿ ಅವಳೊಬ್ಬಳೇ ಇರಬೇಕು.

ಹೀಗಿರುವಾಗ ಕಾರ್ಡ್ ಅಂಗಡಿಯ ಹುಡುಗ ಒಂದು ದೊಡ್ಡ ಕೆಲಸ ತಂದ. ಹುಡುಗ ಅನ್ನುವುದು ಬಾಯಿಮಾತಿಗೆ, ಅವನಿಗೂ ತಲೆ ಅರ್ಧ ಬೋಳಾಗಿದೆ. ಅವನ ಅಂಗಡಿಯಲ್ಲಿ ವಾರದ ಕೊನೆಗೆ ಆಡಲು ಕೂರುವ ಮಂದಿಯನ್ನೆಲ್ಲ ಒಂದೊಂದು ಪ್ರಾಣಿಯಾಗಿ ಬರೆದುಕೊಡಬೇಕು, ವರ್ಷಕ್ಕೊಮ್ಮೆ ನಡೆಯುವ ಪಂದ್ಯದ ದಿನ ಅವರವರ ಕಾರ್ಡು ಅವರವರಿಗೆ ಕೊಡಬೇಕು ಅಂದ. ಮಾತು ನಿಲ್ಲಿಸದ ವಕೀಲರು ಗಿಳಿಯಾದರು. ಯಾವತ್ತೂ ತಡವಾಗಿ ಬರುವ ಬ್ಯಾಂಕಿನವರು ಕೊಡೆ ಹಿಡಿದ ಆಮೆಯಾದರು. ಹಲ್ಲಿನ ಡಾಕ್ಟರು ಊರಗಲ ಬಾಯಿ ತೆರೆದ ನೀರಾನೆಯಾದರು. ಆ ನೀರಾನೆ ಬಣ್ಣದಕ್ಕನ ಪ್ರಾಣ ಹಿಂಡಿತು. ಅದರ ಮೈಗೆ ಬೂದಿಯೂ ಅಲ್ಲದ ನೇರಳೆಯೂ ಅಲ್ಲದ ಒಂದು ಬಣ್ಣ ಬೇಕಿತ್ತು, ಬೆರೆಸಿದಷ್ಟೂ ಕೆಟ್ಟು ಕೊನೆಗೆ ಹೇಗೋ ಕೂಡಿಬಂತು. ಎಲ್ಲ ಮುಗಿದು, ಒಂದು ಬೆಳಿಗ್ಗೆ ವಾರ್ನಿಶ್ ಬಳಿದು, ಊಟದ ಮೇಜಿನ ತುಂಬ ಹರಡಿ, ಯಜಮಾನರ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದಳು.

ಈ ಬಣ್ಣದ ಸ್ವಭಾವ ಹೇಳಬೇಕು. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಬೆರಳಿಗೆ ಹತ್ತುವುದಿಲ್ಲ. ಒಳಗೆ ಮಾತ್ರ ನಾಲ್ಕೈದು ದಿನ ಹಸಿ. ಒಂದರ ಮೇಲೊಂದು ಇಟ್ಟು ಒತ್ತಿದರೆ ಕಚ್ಚಿಕೊಂಡುಬಿಡುತ್ತದೆ.

ಆಕೆ ಮರಳಿ ಬಂದಾಗ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಕಾಯಿಲೆ ಬಿದ್ದ ಮೇಲೆ ಅವರು ಹಾಗೆ ಎದ್ದು ಬಂದು ನಿಂತದ್ದೇ ಇಲ್ಲ.

"ಬಾ ಬಾ, ನೋಡು" ಅಂದರು.

ಮೇಜು ಖಾಲಿ. ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ, ಅದರ ಕೆಳಗೆ ಕಾರ್ಡುಗಳ ಕಟ್ಟು. ಎಲ್ಲವೂ ಒಂದೇ ಮುಖಕ್ಕೆ, ಅಂಚು ಒಂದು ಕೂದಲೆಳೆ ಆಚೀಚೆ ಇಲ್ಲದೆ, ನಡುವಿಗೆ ರಬ್ಬರ್‌ಬ್ಯಾಂಡ್.

"ಬಲಗೈಯೇ ಹಾಕಿದ್ದು ಕಣೇ ರಬ್ಬರ್‌ಬ್ಯಾಂಡು. ಎಡಗೈ ಸುಮ್ನೆ ಹಿಡ್ಕೊಂಡಿತ್ತು ಅಷ್ಟೇ. ಮೂರು ಸಲ ಜಾರ್ತು. ಆಮೇಲೆ ಕೂತ್ಕೊಳ್ತು." ಅವರ ಬಲಗೈ ಎದೆಯ ಹತ್ತಿರ ನಡುಗುತ್ತಿತ್ತು. ಮುಖ ಮಾತ್ರ ಮೊದಲ ಸಂಬಳ ತಂದ ದಿನದ ಮುಖ.

ಬಣ್ಣದಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಆದರೆ ಅಂದು ನಾಲಿಗೆಯ ತನಕ ಬಂದದ್ದನ್ನು ನುಂಗಿಕೊಂಡಳು. "ಎಷ್ಟು ನೀಟಾಗಿ ಕಟ್ಟಿದ್ದೀರಿ" ಅಂದಳು. "ಹೋಗಿ ಮಲಗಿ ಸ್ವಲ್ಪ, ಸುಸ್ತಾಗಿರುತ್ತೆ."

ಅವರು ಮಲಗಿದ ಮೇಲೆ ಕಟ್ಟು ಬಿಚ್ಚಿದಳು. ಬಿಚ್ಚಲು ಏನಿತ್ತು, ಅದು ಇಟ್ಟಿಗೆಯ ಹಾಗೆ ಒಂದಾಗಿತ್ತು. ಚಾಕುವಿನ ತುದಿ ತೂರಿಸಿ ಎಬ್ಬಿಸಿದರೆ ನೀರಾನೆಯ ಬಾಯಿ ಪೂರ್ತಿ ಕಿತ್ತು ಗಿಳಿಯ ಬೆನ್ನಿಗೆ ಹೋಯಿತು. ಆಮೆಯ ಕೊಡೆ ಎರಡಾಯಿತು. ಒಂದಕ್ಕೂ ಮುಖ ಉಳಿಯಲಿಲ್ಲ. ಆಕೆ ಅಡುಗೆಮನೆಯ ನೆಲದ ಮೇಲೆ ಕೂತು ಗಂಡನನ್ನು ಮನಸಾರೆ ಬೈದಳು. ಕೈ ಸುಮ್ಮನಿರಬಾರದಿತ್ತೇ ಈ ಮನುಷ್ಯನದು, ಕೇಳಿದವರು ಯಾರು ಇವರನ್ನು, ತಿಂಗಳುಗಟ್ಟಲೆ ಅಲ್ಲಾಡದ ಕೈ ಇವತ್ತೇ ಏಳಬೇಕಿತ್ತೇ. ಎದ್ದು, ಎಬ್ಬಿಸಿ ಹೇಳಿಯೇಬಿಡುತ್ತೇನೆಂದು ಕೋಣೆಯ ಬಾಗಿಲ ತನಕ ಹೋದಳು. ಅವರು ನಿದ್ದೆ ಹೋಗಿದ್ದರು. ಬಲಗೈಯ ಬೆರಳುಗಳಿಗೆ ಇನ್ನೊಂದು ರಬ್ಬರ್‌ಬ್ಯಾಂಡ್ ಸುತ್ತಿಕೊಂಡಿತ್ತು. ಮಲಗಿದಲ್ಲೇ ಅಭ್ಯಾಸ ಮಾಡುತ್ತಾ ನಿದ್ದೆ ಹತ್ತಿರಬೇಕು. ಇದನ್ನು ತಿಳಿಸಿದರೆ ಈ ಕೈ ಮತ್ತೆ ಏಳುವುದಿಲ್ಲ, ಕುರ್ಚಿ ಮತ್ತೆ ಗೋಡೆಯ ಕಡೆ ತಿರುಗುತ್ತದೆ ಎಂದು ಆಕೆಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಂಡಿತು. ಬಾಗಿಲು ಎಳೆದುಕೊಂಡು ಹಿಂದಕ್ಕೆ ಬಂದಳು.

ಅಂಗಡಿಯ ಹುಡುಗನ ಮುಂದೆ ತಪ್ಪು ತನ್ನದೇ ಅಂದಳು. "ಒಣಗೋಕೆ ಮುಂಚೆ ಜೋಡಿಸಿಬಿಟ್ಟೆ ಕಣಪ್ಪ."

"ನೀವಾ ಆಂಟಿ? ನನಗೆ ನೂರು ಸಲ ಪಾಠ ಹೇಳಿರೋರು ನೀವು" ಅಂದ ಅವನು. ನಂಬಿದನೋ ಇಲ್ಲವೋ, ಬೇರೆ ಹಳೆಯ ಕಾರ್ಡುಗಳನ್ನು ಎಣಿಸಿಕೊಟ್ಟ. ಪಂದ್ಯದ ದಿನ ಮಾತ್ರ ಮುಂದೆ ಹೋಗುವುದಿಲ್ಲ ಅಂದ.

ಇನ್ನು ಯಜಮಾನರನ್ನು ಮನೆಯಿಂದಾಚೆ ಇಡಬೇಕು. ಕೆಳಗಿನ ಮಹಡಿಯ ಟೈಲರ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಕೊಂಡಳು. ಟೈಲರ್ ಕತ್ತರಿ ಕೆಳಗಿಟ್ಟು ಯೋಚಿಸಿದ. "ಕಳಿಸಿ ಅಕ್ಕಾ. ಗುಂಡಿ ಬೇರೆ ಮಾಡೋಕೆ ಕೊಡ್ತೀನಿ. ವಿಂಗಡಿಸೋದು ಅಂದ್ರೆ ಸಾಹೇಬ್ರಿಗೆ ಅನ್ನ ನೀರು ಬೇಡ" ಅಂದ.

ದಿನಾ ಊಟವಾದ ಮೇಲೆ ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಗುಂಡಿಗಳ ಕೆಲಸಕ್ಕೆ ಹೋಗುವರು. ಆಕೆ ಮೇಜಿಗೆ ಕೂರುವಳು. ಯಾವುದೋ ಬೇರೆ ಅಂಗಡಿಯವರು ಕೊಟ್ಟದ್ದು, ಅವಸರದ ಕೆಲಸ ಎಂದು ಅವರಿಗೆ ಹೇಳಿದ್ದಳು. ಒಮ್ಮೆ ಬರೆದದ್ದನ್ನು ಎರಡನೇ ಸಲ ಬರೆಯುವ ಬೇಸರ ಶತ್ರುವಿಗೂ ಬೇಡ. ಮೊದಲ ಸಲ ಗಿಳಿ ತಾನಾಗಿ ಬಂದಿತ್ತು, ಈ ಸಲ ಎಳೆದುಕೊಂಡು ಬರಬೇಕು. ಮಣಿಕಟ್ಟು ಊದಿಕೊಂಡಿತು. ಕಣ್ಣಿಗೆ ಒಂದು ಗೆರೆ ಎರಡಾಗಿ ಕಾಣತೊಡಗಿತು. ಬಿಳಿ ಚುಕ್ಕೆಯಿಡಲು ಎಡಗೈಯಿಂದ ಬಲಗೈಯನ್ನು ಹಿಡಿದುಕೊಳ್ಳಬೇಕಾಯಿತು. ಹಾಗೆ ಹಿಡಿದುಕೊಂಡಾಗ ಯಜಮಾನರ ಕೈ ನೆನಪಾಗಿ ತನ್ನ ಮೇಲೇ ನಗು ಬಂತು, ನಗಲು ತ್ರಾಣ ಇರಲಿಲ್ಲ. ಈ ನೀರಾನೆ ಒಂದು ಮುಗಿದರೆ ಸಾಕು, ಆಮೇಲೆ ಯಾರ ಬಾಯಿಯನ್ನೂ ಬರೆಯುವುದಿಲ್ಲ ಎಂದುಕೊಳ್ಳುವಳು.

ಸಂಜೆ ಅವರು ಬಂದು ಕುಂಚ ತೊಳೆಯುವರು. "ಆ ಟೈಲರ್‌ಗೆ ತಲೆ ಕೆಟ್ಟಿದೆ" ಎಂದು ಒಂದು ಸಂಜೆ ಗೊಣಗಿದರು. "ಎಲ್ಲಾ ಬೆರಕೆ ಮಾಡಿ ಇಟ್ಕೊಂಡಿರ್ತಾನೆ."

"ವಯಸ್ಸಾಯ್ತಲ್ರೀ ಅವನಿಗೂ" ಅಂದಳು ಆಕೆ. ಅವರು ಲೋಟದ ನೀರನ್ನು ಬಚ್ಚಲಿಗೆ ನಿಧಾನವಾಗಿ ಸುರಿದರು.

ಪಂದ್ಯಕ್ಕೆ ಇನ್ನೊಂದು ವಾರ ಇರುವಾಗ ಕೆಲಸ ಮುಗಿಯಿತು. ವಾರ್ನಿಶ್ ಬಳಿದ ಮೇಲೆ ಮುಚ್ಚಿಡುವ ಹಾಗಿಲ್ಲ, ಇಷ್ಟು ದಿನ ಸಂಜೆಗೆ ಬೀರು ಸೇರುತ್ತಿದ್ದ ಕಾರ್ಡುಗಳನ್ನು ಅಂದು ಮೇಜಿನ ಮೇಲೇ ಹರಡಿದಳು. ಯಜಮಾನರು ಊಟ ಮುಗಿಸಿ ಎದ್ದವರು ಚಪ್ಪಲಿಗೆ ಕಾಲು ತೂರಿಸಲಿಲ್ಲ.

"ಇವತ್ತು ಹೋಗಲ್ಲ ನಾನು" ಅಂದರು.

"ಯಾಕ್ರೀ, ಪಾಪ ಟೈಲರ್ ಕಾಯ್ತಿರ್ತಾನೆ."

"ಒಂದು ಗುಂಡಿಗೆ ಅಂಚು ಮುಕ್ಕಾಗಿದೆ. ಮೊದಲನೇ ದಿನಾನೂ ಅದು ಬಂತು, ನಿನ್ನೇನೂ ಅದೇ ಬಂತು. ನಾನು ಬೇರೆ ಮಾಡಿದ್ದನ್ನ ನಾನು ಬಂದ ಮೇಲೆ ಅವನು ಕಲಸಿ ಇಡ್ತಾನೆ. ಅಂಚೆಯಲ್ಲಿ ಕೆಲಸ ಮಾಡಿದವನಿಗೆ ಅಷ್ಟೂ ತಿಳಿಯಲ್ವಾ?"

ಬಣ್ಣದಕ್ಕ ವಾರ್ನಿಶ್ ಡಬ್ಬಿಯ ಮುಚ್ಚಳ ಬಿಗಿದಳು.

"ಕುಂಚ ತೊಳೆಯೋನು ನಾನೇ ಅಲ್ವೇನೇ? ನೀರಲ್ಲಿ ಆ ನೀರಾನೆ ಬಣ್ಣ ಮತ್ತೆ ಬಂದಾಗಲೇ ಗೊತ್ತಾಯ್ತು. ಅದನ್ನ ನೀನು ಇನ್ನು ಈ ಜನ್ಮದಲ್ಲಿ ಬೆರೆಸಲ್ಲ ಅಂದಿದ್ದೆ." ಮೇಜಿನ ಮೇಲಿದ್ದ ನೀರಾನೆಯನ್ನು ಬಗ್ಗಿ ನೋಡಿದರು. "ನಾನು ಕಟ್ಟಿದ್ದು ಅಂಟ್ಕೊಂಡ್ಬಿಡ್ತು, ಅಲ್ವಾ?"

ಆಕೆಗೆ ಸುಳ್ಳು ಹೇಳಲು ಒಂದಿಷ್ಟಾದರೂ ಶಕ್ತಿ ಬೇಕಿತ್ತು. ಅದು ಇರಲಿಲ್ಲ. ತಲೆಯಾಡಿಸಿದಳು.

"ಹೂಂ" ಅಂದರು ಅವರು. "ಹೋಗಿ ಮಲಕ್ಕೋ. ನಿನ್ನ ಮುಖ ನೋಡೋಕಾಗ್ತಿಲ್ಲ."

ಏನಾದರೂ ಸಮಾಧಾನ ಹೇಳಬೇಕೆಂದುಕೊಂಡಳು. ಕಾಲು ಅವಳ ಮಾತು ಕೇಳದೆ ಮಂಚದ ಕಡೆಗೆ ಹೋಯಿತು. ಮಲಗಿದ್ದೊಂದು ಗೊತ್ತು.

ಎಚ್ಚರವಾದಾಗ ಬಿಸಿಲು ಎದುರುಗೋಡೆಗೆ ಹೋಗಿತ್ತು. ಮನೆಯಲ್ಲಿ ಸದ್ದಿಲ್ಲ. ಎದ್ದು ಬಂದು ನೋಡಿದರೆ ಮೇಜು ಖಾಲಿ. ಒಂದೇ ಒಂದು ಕಾರ್ಡೂ ಇಲ್ಲ. ಆಚೆ ತಿರುಗಿದರೆ ಕುರ್ಚಿ ಗೋಡೆಯ ಕಡೆಗಿತ್ತು, ಅದರಲ್ಲಿ ಯಜಮಾನರ ಬೆನ್ನು. ಅದೇ ಬೆನ್ನು. ಮುಗಿಯಿತು, ಇಷ್ಟು ದಿನ ಪಟ್ಟ ಪಾಡೆಲ್ಲ ನೀರಿಗೆ ಹೋಯಿತು ಎಂದುಕೊಂಡು ಮೇಜಿನ ಅಂಚು ಹಿಡಿದು ನಿಂತಳು.

"ಮೆಲ್ಲಗೆ ನಡಿ" ಅಂದರು ಅವರು, ತಿರುಗದೆ. "ಧೂಳೇಳುತ್ತೆ."

ಹತ್ತಿರ ಹೋದಳು. ಗೋಡೆಯ ಮೇಲಿನ ಹಲಗೆಯಿಂದ ಕೆಟ್ಟ ರೇಡಿಯೋ ಮಾಯವಾಗಿತ್ತು. ಹಲಗೆಯನ್ನು ಒರೆಸಿ, ಈ ತುದಿಯಿಂದ ಆ ತುದಿಯವರೆಗೆ ಕಾರ್ಡುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಎರಡು ಕಾರ್ಡುಗಳ ನಡುವೆ ಒಂದು ಬೆರಳು ತೂರುವಷ್ಟು ಜಾಗ, ಎಲ್ಲ ಕಡೆಯೂ ಅಷ್ಟೇ. ಗಿಳಿ, ಆಮೆ, ಉಳಿದವರೆಲ್ಲ ಸರದಿಯಲ್ಲಿ ನಿಂತ ಹಾಗೆ ನಿಂತಿದ್ದರು. ನಡುವೆ ನೀರಾನೆ ಬಾಯಿ ತೆರೆದುಕೊಂಡು ಯಜಮಾನರನ್ನೇ ನೋಡುತ್ತಿತ್ತು.

"ಮೇಜಿನ ಮೇಲೆ ಕಿಟಕಿ ಧೂಳು ಬೀಳ್ತಿತ್ತು" ಅಂದರು. "ಅಂಚು ಮಾತ್ರ ಮುಟ್ಟಿದೀನಿ."

"ಯಾವ ಕೈಯಲ್ಲಿ?"

ಅವರು ಬಲಗೈಯನ್ನು ತೊಡೆಯ ಮೇಲಿಂದ ಒಂಚೂರು ಎತ್ತಿ ತೋರಿಸಿದರು. ತೋರುಬೆರಳಿನ ತುದಿಯಲ್ಲಿ, ಕಾರ್ಡಿನ ಅಂಚಿಗೆ ಇಳಿದು ನಿಂತಿದ್ದ ವಾರ್ನಿಶ್ ಹತ್ತಿ ಹೊಳೆಯುತ್ತಿತ್ತು.

"ಏಳಿ, ಕಾಫಿ ಮಾಡ್ತೀನಿ. ಅದನ್ನ ಕಾಯ್ಬೇಕಾ? ಅದರಷ್ಟಕ್ಕೆ ಅದು ಒಣಗುತ್ತೆ."

"ಒಣಗೋವರೆಗೂ ಕೂತಿರ್ತೀನಿ. ಹೋದ ಸಲ ಕಾಯ್ಲಿಲ್ಲ."

ಬಣ್ಣದಕ್ಕನಿಗೆ ಕಾಫಿ ಮಾಡುವ ಮನಸ್ಸು ಹೋಯಿತು. ಊಟದ ಮೇಜಿನ ಹತ್ತಿರದಿಂದ ಇನ್ನೊಂದು ಕುರ್ಚಿಯನ್ನು ಸದ್ದಾಗದಂತೆ ಎತ್ತಿಕೊಂಡು ಬಂದು, ಅವರ ಕುರ್ಚಿಯ ಪಕ್ಕದಲ್ಲಿಟ್ಟು, ಗೋಡೆಗೆ ಮುಖ ಮಾಡಿ ಕೂತಳು.