ಗಾಜಿನ ಬಾಗಿಲಿನ ಹಸಿರು ರವಿಕೆ

ಆ ಚಿತ್ರಕಥೆ ಬರೆದವಳು ನಾನು ಕಣೇ ಪದ್ಮಾ. ಸಾರ್ ಅಲ್ಲ, ಕಂಪ್ಯೂಟರ್ ಸೆಂಟರಿನ ಬೇರೆ ಯಾರೂ ಅಲ್ಲ — ನಿನ್ನ ಪಕ್ಕದಲ್ಲೇ ಕೂತು, ನಿನ್ನ ಡಬ್ಬಿಯ ಚಿತ್ರಾನ್ನ ತಿಂದುಕೊಂಡು, ನಾನೇ ಬರೆದೆ.

ಮಾಲೂರಿಗೆ ಆಗಷ್ಟೇ ಇಂಟರ್ನೆಟ್ ಬಂದಿತ್ತು. ನೀನು ಮನೆಯಲ್ಲಿ ಹೊಲಿಗೆ ಕ್ಲಾಸು ಅಂತ ಹೇಳಿ ಮಾಸ್ತಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಂಪ್ಯೂಟರ್ ಅಂದಿದ್ದರೆ ನಿಮ್ಮಣ್ಣ ಹೊಸಿಲು ದಾಟಿಸುತ್ತಿರಲಿಲ್ಲ. ಅರಿಶಿನ ಕುಂಕುಮಕ್ಕೆ ಹೋದ ಕಡೆ ನಿಮ್ಮಮ್ಮನಿಗೆ ಕೊಟ್ಟ ರವಿಕೆ ಕಣಗಳನ್ನು ನೀನು ಚೀಲದಲ್ಲಿ ತರುತ್ತಿದ್ದೆ, ನನ್ನಮ್ಮ ಹೊಲಿದುಕೊಡುತ್ತಿದ್ದಳು, ಸಂಜೆ ನೀನು ಮನೆಗೆ ಹೋಗಿ ನಾನೇ ಹೊಲಿದೆ ಅಂತ ತೋರಿಸುತ್ತಿದ್ದೆ. "ಯಾರಿಗೂ ಹೇಳ್ಬೇಡ ಕಣೇ. ಸರ್ಟಿಫಿಕೇಟ್ ಕೈಗೆ ಬರೋವರ್ಗೂ ಅಷ್ಟೇ. ಅದಿದ್ರೆ ಹಾಲಿನ ಡೈರೀಲಿ ಕೆಲ್ಸ ಐತಂತೆ," ಅಂದಿದ್ದೆ ನೀನು.

ನಾನು ಯಾರಿಗೂ ಹೇಳಲಿಲ್ಲ. ಚೌಕ ಚೌಕವಾಗಿ ಚಿತ್ರ ಬರೆದೆ.

ಹೊಲಿಗೆ ಅಂತ ಹೇಳಿ ಕಂಪ್ಯೂಟರ್ ಕಲಿಯೋ ಹುಡುಗಿ — ಎಂಥಾ ಕಥೆ ಅದು, ಬಿಡಲು ಮನಸ್ಸೇ ಬರಲಿಲ್ಲ! ಕನ್ನಡ ಅಕ್ಷರ ಮೂಡದ ಆ ಕಂಪ್ಯೂಟರಿನಲ್ಲಿ ಮಾತುಗಳನ್ನೂ ಮೌಸಿನಿಂದಲೇ ತಿದ್ದಿ ತೀಡಿ, ಸುಳ್ಳು ಹೆಸರಿನಲ್ಲಿ ಬ್ಲಾಗಿಗೆ ಹಾಕಿದೆ. ಎಲ್ಲೆಲ್ಲಿಯವರೋ "ಆಮೇಲೇನಾಯ್ತು?" ಅಂತ ಕೇಳತೊಡಗಿದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಿನ್ನ ಹೆಸರು ಬದಲಿಸಿದ್ದೆ, ಊರು, ಮುಖ, ಜಡೆ — ಎಲ್ಲ. ರವಿಕೆಯನ್ನು ಮಾತ್ರ... ಗಿಳಿಹಸಿರು ಬಟ್ಟೆ, ಕೆಂಪು ಮಾವಿನಕಾಯಿ ಡಿಸೈನು, ತೋಳಿಗೆ ನನ್ನಮ್ಮ ಕೊಟ್ಟ ಹಳದಿ ಪಟ್ಟಿ, ಇದ್ದದ್ದು ಇದ್ದ ಹಾಗೇ ಬರೆದೆ. ಎಷ್ಟು ಚೆನ್ನಾಗಿ ಬಂತು ಅಂತ ಬೀಗಿದೆ ಬೇರೆ.

ಸಾರ್‌ಗೆ ಅದನ್ನು ತೋರಿಸಿದವಳೂ ನಾನೇ. ಯಾರೋ ಬರೆದಿದ್ದಾರೆ ನೋಡಿ ಸಾರ್, ಅಂದೆ. ಅವರು ನಕ್ಕು, ಬಣ್ಣದ ಪ್ರಿಂಟ್ ತೆಗೆದು ಗಾಜಿನ ಬಾಗಿಲಿಗೆ ಅಂಟಿಸಿದರು. ಬೇಡ ಅನ್ನಬೇಕಿತ್ತು. ಬಾಗಿಲ ಮೇಲೆ ನನ್ನ ಚಿತ್ರ ಅನ್ನೋ ಆಸೆ.

ನೀನು ಅದನ್ನು ನೋಡುವ ಮೊದಲೇ, ಜೆರಾಕ್ಸಿಗೆ ಬಂದ ನಿಮ್ಮಣ್ಣ ಅದರ ಮುಂದೆ ನಿಂತ. ಹಿಂದಿನ ವಾರವಷ್ಟೇ ನಿಮ್ಮಮ್ಮ ಮದುವೆಗೆ ತೊಟ್ಟಿದ್ದ ರವಿಕೆ ಅದು. ನಿಂತು ಪೂರ್ತಿ ಓದಿದ. ಗಾಜಿನ ಈಚೆ ನೀನು ಕೂತಿದ್ದೆ. ಒಳಗೆ ಬಂದವನು ಕೂಗಾಡಲೂ ಇಲ್ಲ. "ಎದ್ದೇಳು. ಮನೆಗ್ ನಡಿ," ಅಂದ.

ಬಾಗಿಲ ಹತ್ತಿರ ನೀನು ನನ್ನ ಕೈ ಹಿಡಿದು ಕೇಳಿದೆ: "ನೀನೇನಾದ್ರೂ ಹೇಳಿದ್ಯೇನೇ?"

"ನಮ್ಮಮ್ಮನಾಣೆಗೂ ಇಲ್ಲ ಕಣೇ," ಅಂದುಬಿಟ್ಟೆ ನಾನು.

ನೀನು ನಂಬಿದೆ. ಬರೆದು ಅಂಟಿಸಿದ್ದು ಅವರೇ ಅಂದುಕೊಂಡು ಸಾರ್ ಕಡೆ ತಿರುಗಿ, "ನಿಮ್ಗೆ ಒಳ್ಳೇದಾಗಲ್ಲ," ಅಂದೆ. ಪಾಪ, ಅವರು ಏನೂ ತಿಳಿಯದೆ ನನ್ನ ಮುಖ ನೋಡಿದರು. ನಾನು ನನ್ನ ಜಾಗಕ್ಕೆ ಹೋಗಿ ಕೀಬೋರ್ಡ್ ನೋಡುತ್ತ ಕೂತೆ.

ಪರೀಕ್ಷೆಗೆ ನೀನು ಬರಲಿಲ್ಲ. ಆ ವರ್ಷವೇ ನಿನ್ನನ್ನು ಬೈರಕೂರಿಗೆ ಕೊಟ್ಟರು.

ಆಗಲೇ ಅಳಿಸಬಹುದಿತ್ತು. ಅಳಿಸಲಿಲ್ಲ, ಜನ ಇನ್ನೂ ಹೊಗಳಿ ಬರೆಯುತ್ತಿದ್ದರಲ್ಲ... ಈಗ ಅಳಿಸೋಣವೆಂದರೆ ಪಾಸ್‌ವರ್ಡ್ ಮರೆತುಹೋಗಿದೆ, ಆಗಿನ ಮೇಲ್ ಐಡಿಯೂ ಸತ್ತಿದೆ. ಯಾರ ಕಾಲು ಹಿಡಿಯಲಿ? ಪುಟ ಮಾತ್ರ ಇವತ್ತಿಗೂ ತೆರೆಯುತ್ತದೆ. ಕೊನೆಯ ಚೌಕದಲ್ಲಿ ನೀನು ಸರ್ಟಿಫಿಕೇಟ್ ಹಿಡಿದು ನಗುತ್ತಿದ್ದೀಯ — ಪರೀಕ್ಷೆಗೆ ಮೊದಲೇ ಬರೆದುಬಿಟ್ಟಿದ್ದೆ ನಾನು ಅದನ್ನು.

ಹೋದ ತಿಂಗಳು ಮದುವೆಮನೆಯಲ್ಲಿ ಸಿಕ್ಕಾಗಲೂ ನೀನು ಸೆಂಟರಿನ ಸಾರ್‌ನೇ ಬೈದೆ. ನಾನು ಹೂಂಗುಟ್ಟಿದೆ. ಛೀ, ನನ್ನ ಜನ್ಮಕ್ಕಿಷ್ಟು.

ಭಾನುವಾರ ಬೈರಕೂರಿಗೆ ಬರುತ್ತೇನೆ. ಫೋನಿನಲ್ಲಿ ಆ ಪುಟ ತೆಗೆದು ನಿನ್ನ ಕೈಗೆ ಕೊಡುತ್ತೇನೆ. ನನಗೆ ಅಂತ ಅಡುಗೆ ಏನೂ ಮಾಡಬೇಡ.